ಗಲ್ಲು ಕೇಳೋದನ್ನ ನಾವು ನಿಲ್ಲಿಸಬೇಕು



ಪೋಸ್ಟ್ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬಯ್ಯಿರಿ.

ಎಲ್ಲೇ ನಮ್ಮವರ ಮೇಲೆ ದೌರ್ಜನ್ಯ ಆಗಲಿ, ತಹಶೀಲ್ದಾರರಿಗೆ ಕೊಡುವ ಮನವಿ ಪತ್ರದ ಮೊದಲನೇ ಬೇಡಿಕೆ ಯಾವುದು? "ಆರೋಪಿಗಳನ್ನು ಗಲ್ಲಿಗೇರಿಸಬೇಕು." ಬ್ಯಾನರಿನ ಮೇಲೆ ಹಗ್ಗದ ಚಿತ್ರ. ಮೆರವಣಿಗೆಯಲ್ಲಿ ಅದೇ ಘೋಷಣೆ. ನಾನು ಈ ಸಾಲು ತೆಗೆಯಿರಿ ಅಂದಾಗೆಲ್ಲ ಒಂದೇ ಪ್ರಶ್ನೆ ಬರುತ್ತೆ: "ಏನಣ್ಣ, ನಮ್ಮವರನ್ನ ಕೊಂದವರ ಪರ ಮಾತಾಡ್ತೀಯಾ?"

ಇಲ್ಲ. ನಮ್ಮವರ ಪರವಾಗಿಯೇ ಮಾತಾಡ್ತಿದ್ದೀನಿ. ಯಾಕೆ ಅಂತ ಹೇಳೋಕೆ ಒಂದು ಕೇಸು ಮುಂದಿಡ್ತೀನಿ. ಇದು ನಮ್ಮ ಪಕ್ಕದ ಮಹಾರಾಷ್ಟ್ರದ್ದು. ಕೋರ್ಟಿನ ದಾಖಲೆಯಲ್ಲಿ ಇದರ ಹೆಸರು "ಅಂಕುಶ್ ಮಾರುತಿ ಶಿಂದೆ ವಿರುದ್ಧ ಮಹಾರಾಷ್ಟ್ರ ರಾಜ್ಯ". ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಅಧ್ಯಯನ ಶಿಬಿರಗಳಲ್ಲಿ ಇದನ್ನು ಪಾಠ ಮಾಡಬೇಕಿತ್ತು.

2003ರ ಜೂನ್ ತಿಂಗಳು. ಒಂದು ತೋಟದ ಗುಡಿಸಲಿಗೆ ರಾತ್ರಿ ಹೊತ್ತು ದರೋಡೆಕೋರರು ನುಗ್ಗಿದರು. ಅಲ್ಲಿದ್ದ ಐದು ಜನರನ್ನು ಕೊಂದರು. ತಾಯಿ ಮತ್ತು ಮಗಳ ಮೇಲೆ ಅತ್ಯಾಚಾರ ಮಾಡಿದರು. ಮಗಳು ಉಳಿಯಲಿಲ್ಲ. ತಾಯಿ ಮತ್ತು ಒಬ್ಬ ಮಗ ಹೇಗೋ ಜೀವ ಉಳಿಸಿಕೊಂಡರು. ಇಂಥ ಸುದ್ದಿ ಓದಿದರೆ ಯಾರಿಗೂ ರಕ್ತ ಕುದಿಯುತ್ತೆ. ಪೊಲೀಸರ ಮೇಲೆ ಒತ್ತಡ ಬಿತ್ತು. ಆರು ಜನರನ್ನು ಹಿಡಿದು ತಂದರು.

ಯಾರು ಈ ಆರು ಜನ? ಅಲೆಮಾರಿ ಸಮುದಾಯದವರು. ಕೂಲಿ ಮಾಡಿ ಬದುಕುವವರು. ಪೊಲೀಸರು ಬಂದು ಕರೆದರೆ "ಯಾಕೆ" ಅಂತ ಕೇಳುವ ಧೈರ್ಯ ಇಲ್ಲದವರು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಂಥ ಅಲೆಮಾರಿ ಸಮುದಾಯಗಳ ಹಣೆ ಮೇಲೆ ಹುಟ್ಟುಗಳ್ಳರು ಅಂತ ಬರೆದರು. 1952ರಲ್ಲಿ ಆ ಕಾಯ್ದೆ ಹೋಯ್ತು. ಠಾಣೆಯ ತಲೆಯೊಳಗಿಂದ ಹೋಯ್ತಾ? ಇವತ್ತಿಗೂ ಊರಲ್ಲಿ ಕಳ್ಳತನ ಆದರೆ ಪೊಲೀಸ್ ಜೀಪು ಮೊದಲು ಹೋಗಿ ನಿಲ್ಲೋದು ಟೆಂಟುಗಳ ಮುಂದೆ. ಇದನ್ನ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

2006ರಲ್ಲಿ ಸೆಷನ್ಸ್ ಕೋರ್ಟು ಆರೂ ಜನಕ್ಕೆ ಗಲ್ಲು ವಿಧಿಸಿತು. 2007ರಲ್ಲಿ ಬಾಂಬೆ ಹೈಕೋರ್ಟು ಮೂವರ ಗಲ್ಲನ್ನು ಖಾಯಂ ಮಾಡಿ, ಉಳಿದ ಮೂವರಿಗೆ ಜೀವಾವಧಿಗೆ ಇಳಿಸಿತು. ಸರ್ಕಾರಕ್ಕೆ ಅದೂ ಸಾಲಲಿಲ್ಲ. ಆ ಮೂವರಿಗೂ ಗಲ್ಲೇ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಯ್ತು. 2009ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಆರು ಜನರ ಅಪೀಲು ವಜಾ ಮಾಡಿ, ಸರ್ಕಾರದ ಅಪೀಲು ಒಪ್ಪಿ, ಆರೂ ಜನಕ್ಕೆ ಗಲ್ಲು ಅಂತ ತೀರ್ಪು ಕೊಟ್ಟಿತು. "ಅಪರೂಪದಲ್ಲಿ ಅಪರೂಪದ ಪ್ರಕರಣ" ಅಂದಿತು. 2010ರಲ್ಲಿ ರಿವ್ಯೂ ಅರ್ಜಿಯೂ ವಜಾ ಆಯ್ತು.

ಅಲ್ಲಿಗೆ ಕತೆ ಮುಗಿದಂತೆ. ಮೂರೂ ಹಂತದ ಕೋರ್ಟು ನೋಡಿ ಆಗಿದೆ. ಟಿವಿಯವರಿಗೂ ಮುಗಿದಿದೆ, ಸರ್ಕಾರಕ್ಕೂ ಮುಗಿದಿದೆ. ಉಳಿದದ್ದು ಕ್ಷಮಾದಾನದ ಅರ್ಜಿ, ಅದೂ ಹೋದರೆ ಹಗ್ಗ.

ಆ ಆರು ಜನ ಕೈಬಿಡಲಿಲ್ಲ, ಅವರ ಜೊತೆ ನಿಂತವರೂ ಕೈಬಿಡಲಿಲ್ಲ. ಮೊದಲು ತಿಳಿದದ್ದು, ಅವರಲ್ಲಿ ಒಬ್ಬ ಘಟನೆ ನಡೆದಾಗ 18 ತುಂಬದ ಹುಡುಗ ಅಂತ. ಗಮನಿಸಿ, ಮೂರು ಕೋರ್ಟುಗಳು ಒಬ್ಬ ಬಾಲಕನಿಗೆ ಶಿಕ್ಷೆ ಬರೆದು ಮುಗಿಸುವವರೆಗೂ ಅವನ ವಯಸ್ಸು ಯಾರ ಕಣ್ಣಿಗೂ ಬೀಳಲಿಲ್ಲ. ಶಾಲೆಯ ದಾಖಲೆ ಹಿಡಿದು ಓಡಾಡುವ ಅಪ್ಪ, ಕೇಳುವ ವಕೀಲ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. 2012ರಲ್ಲಿ 14 ಜನ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು, ತಪ್ಪು ತೀರ್ಪಿನ ಆಧಾರದ ಮೇಲೆ ಗಲ್ಲು ಕೊಟ್ಟಿರುವ 13 ಜನರ ಶಿಕ್ಷೆ ಇಳಿಸಿ ಎಂದು ಕೇಳಿದರು. ಆ ಪಟ್ಟಿಯಲ್ಲಿ ಈ ಕೇಸೂ ಇತ್ತು. 2014ರಲ್ಲಿ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಲ್ಲು ಶಿಕ್ಷೆಯ ರಿವ್ಯೂ ಅರ್ಜಿಗಳನ್ನು ತೆರೆದ ನ್ಯಾಯಾಲಯದಲ್ಲಿ ಕನಿಷ್ಠ ಮೂವರು ನ್ಯಾಯಮೂರ್ತಿಗಳು ವಾದ ಕೇಳಿಯೇ ತೀರ್ಮಾನಿಸಬೇಕು ಅಂತ ಹೇಳಿತು. ಅಲ್ಲಿಯವರೆಗೆ ಜೀವ ತೆಗೆಯುವ ವಿಚಾರವನ್ನೂ ಕೊಠಡಿಯೊಳಗೆ ಕಾಗದ ಓದಿ ಮುಗಿಸುತ್ತಿದ್ದರು.

2018ರಲ್ಲಿ ಕೇಸು ಮತ್ತೆ ತೆರೆಯಿತು. ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟು ವಾಪಸ್ ಪಡೆಯಿತು. ಶಿಕ್ಷೆ ಏರಿಸುವ ಮುಂಚೆ ಆ ಮೂವರ ಮಾತನ್ನೇ ಸರಿಯಾಗಿ ಕೇಳಿರಲಿಲ್ಲ ಅನ್ನುವುದು ಅಲ್ಲಿ ಬಯಲಾಯ್ತು. 2019ರ ಮಾರ್ಚ್ 5ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರ ಪೀಠ ಆರೂ ಜನರನ್ನು ಖುಲಾಸೆ ಮಾಡಿತು. ಇದು ಶಿಕ್ಷೆ ಕಡಿಮೆ ಮಾಡಿದ್ದಲ್ಲ, ದಯೆ ತೋರಿಸಿದ್ದೂ ಅಲ್ಲ. ಅಪರಾಧವೇ ಸಾಬೀತಾಗಿಲ್ಲ, ಇವರು ನಿರ್ದೋಷಿಗಳು ಅಂತ ಬಿಟ್ಟಿತು. ಹತ್ತು ವರ್ಷದ ಹಿಂದೆ ತಾನೇ ಗಲ್ಲು ಬರೆದವರನ್ನು ತಾನೇ ಬಿಟ್ಟಿತು.

ಯಾಕೆ ಬಿಟ್ಟಿತು? ಇಲ್ಲಿ ಸ್ವಲ್ಪ ನಿಂತು ಓದಿ.

ಘಟನೆ ಆದ ಎರಡೇ ದಿನಕ್ಕೆ ಬದುಕುಳಿದ ಆ ತಾಯಿಗೆ ಪೊಲೀಸರು ಹಳೆಯ ಅಪರಾಧಿಗಳ ಫೋಟೋ ಆಲ್ಬಂ ತೋರಿಸಿದ್ದರು. ಅದರಲ್ಲಿ ಆಕೆ ನಾಲ್ಕು ಜನರನ್ನು ಗುರುತು ಹಿಡಿದಿದ್ದಳು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆಯೂ ದಾಖಲಾಗಿತ್ತು. ಆ ನಾಲ್ವರು ಈ ಆರು ಜನರಲ್ಲಿ ಇಲ್ಲ. ಬೇರೆ ನಾಲ್ವರು! ಅವರ ಮೇಲೆ ತನಿಖೆ ಆಗಲಿಲ್ಲ. ಅವರಿಗೆ ಚಾರ್ಜ್‌ಶೀಟ್ ಇಲ್ಲ. ಆ ಹೇಳಿಕೆಯನ್ನು ಪ್ರಾಸಿಕ್ಯೂಷನ್ ಕೋರ್ಟಿನ ಮುಂದೆ ಎತ್ತಲೇ ಇಲ್ಲ.

ನಾನು ಆಫೀಸಿನಲ್ಲಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಫೈಲು ಹೊರುವ ಕೆಲಸ. ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕಡತದಲ್ಲಿ ಕಾಗದ ಇರೋದು ಬೇರೆ, ಆ ಕಾಗದವನ್ನ ಮಂಡಿಸೋದು ಬೇರೆ. ಯಾರದೋ ಜೀವನ ಬದಲಾಯಿಸುವ ಒಂದು ಹಾಳೆ ಕಡತದ ಹೊಟ್ಟೆಯಲ್ಲಿ ಇರುತ್ತೆ. ಟಿಪ್ಪಣಿ ಬರೆಯುವವನು ಅದನ್ನ ಉಲ್ಲೇಖಿಸದೇ ಹೋದರೆ ಮೇಲಿನ ಸಾಹೇಬರ ಪಾಲಿಗೆ ಆ ಹಾಳೆ ಇಲ್ಲವೇ ಇಲ್ಲ. ಸುಳ್ಳು ಬರೆಯಬೇಕಾಗಿಲ್ಲ, ಹಾಳೆ ಹರಿಯಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಯಾರ ಫೈಲಿನಲ್ಲಿ ಹೀಗೆ ಸುಮ್ಮನಿರ್ತಾರೆ? ಬಂದು ಮೇಜು ತಟ್ಟಿ ಕೇಳುವವರು ಇರುವ ಫೈಲಿನಲ್ಲಿ ಅಲ್ಲ. ಕಾಂಟ್ರಾಕ್ಟರ್ ಫೈಲು, ಜಮೀನ್ದಾರರ ಫೈಲು ಪುಟಪುಟವೂ ಮಂಡನೆ ಆಗುತ್ತೆ. ಅಲೆಮಾರಿ ಕೂಲಿಯವನ ಫೈಲನ್ನ ಕೇಳೋರು ಯಾರು?

ಆ ಒಂದು ಹಾಳೆಯನ್ನು ಮೂರು ಕೋರ್ಟುಗಳು ದಾಟಿ ಹೋದವು. ಬೆಳಕಿಗೆ ಬಂದು ನ್ಯಾಯ ಆಗೋಕೆ ಸುಮಾರು 16 ವರ್ಷ ಹಿಡಿಯಿತು.

ಆ ತಾಯಿಯನ್ನು ನಾನು ಒಂದು ಮಾತೂ ಅನ್ನಲಾರೆ. ಮುಂದೆ ಕೋರ್ಟಿನಲ್ಲಿ ಆಕೆ ಈ ಆರು ಜನರನ್ನ ತೋರಿಸಿದಳು ಅನ್ನೋದು ನಿಜ. ಕಣ್ಣೆದುರೇ ಸಂಸಾರ ಕಳೆದುಕೊಂಡವಳಿಗೆ ಪೊಲೀಸರು "ಇವರೇ" ಅಂತ ಮುಂದೆ ನಿಲ್ಲಿಸಿದರೆ ಆಕೆ ಏನು ಮಾಡಬೇಕು? ಅನ್ಯಾಯ ಆಗಿರೋದು ಆಕೆಗೂ. ಮೊದಲು ಆಕೆ ತೋರಿಸಿದ ನಾಲ್ವರನ್ನು ಯಾರೂ ವಿಚಾರಿಸಲಿಲ್ಲ. ಆರು ಬಡವರ ಕೊರಳಿಗೆ ಹಗ್ಗ ಅಳತೆ ಮಾಡುತ್ತಾ ಕೂತ ಸರ್ಕಾರ, ನಿಜವಾಗಿ ಕೊಂದವರನ್ನು ಹುಡುಕುವ ಕೆಲಸವನ್ನೇ ಕೈಬಿಟ್ಟಿತು. ಗಲ್ಲು ಆ ತಾಯಿಗೆ ಕೊಟ್ಟ ನ್ಯಾಯ ಇಷ್ಟೇ. "ಸಂತ್ರಸ್ತರಿಗೋಸ್ಕರ ಗಲ್ಲು ಬೇಕು" ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

2019ರ ತೀರ್ಪಿನಲ್ಲೇ ಕೋರ್ಟು ಒಪ್ಪಿಕೊಂಡಿದೆ: ಇವರು ಅಲೆಮಾರಿ ಬುಡಕಟ್ಟಿನ ಬಡ ಕೂಲಿಗಳು, ಇಂಥ ಘೋರ ಪ್ರಕರಣಗಳಲ್ಲಿ ಅಮಾಯಕರನ್ನು ಸಿಕ್ಕಿಸುವುದು ನಡೆಯುತ್ತದೆ ಎಂದು. ನಾವು ಹೇಳಿದರೆ "ಎಲ್ಲದಕ್ಕೂ ಜಾತಿ ತರ್ತೀರಿ" ಅಂತಾರೆ. ಇಲ್ಲಿ ಹೇಳಿದ್ದು ದೇಶದ ಅತ್ಯುನ್ನತ ನ್ಯಾಯಾಲಯ.

ಪರಿಹಾರ ಎಷ್ಟು ಗೊತ್ತೇ? ತಲಾ 5 ಲಕ್ಷ ರೂಪಾಯಿ. 16 ವರ್ಷಕ್ಕೆ ಭಾಗ ಮಾಡಿ ನೋಡಿ. ದಿನಕ್ಕೆ ಸುಮಾರು 85 ರೂಪಾಯಿ. ಅದೇ 2019ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 249 ರೂಪಾಯಿ ಇತ್ತು. ಗುಂಡಿ ತೋಡಿದ್ದರೆ ಮೂರು ಪಟ್ಟು ಸಿಗುತ್ತಿತ್ತು! ತಪ್ಪು ಮಾಡಿದ ಅಧಿಕಾರಿಗಳನ್ನು ಗುರುತಿಸಿ, ಇನ್ನೂ ಸೇವೆಯಲ್ಲಿದ್ದರೆ ಇಲಾಖಾ ಕ್ರಮ ಕೈಗೊಳ್ಳಿ ಅಂತಲೂ ಕೋರ್ಟು ಹೇಳಿತು. "ಸೇವೆಯಲ್ಲಿದ್ದರೆ" ಅನ್ನುವ ಪದ ಗಮನಿಸಿ. 16 ವರ್ಷದಲ್ಲಿ ಎಷ್ಟು ಜನ ಪಿಂಚಣಿ ತಗೊಂಡು ಮನೆ ಸೇರಿರ್ತಾರೆ ಅಂತ ಸರ್ಕಾರಿ ನೌಕರಿ ಬಲ್ಲವರು ಊಹಿಸಿಕೊಳ್ಳಬಹುದು.

ಈಗ ನೀವು ಹೇಳಬಹುದು: "ಕೊನೆಗೂ ಬಿಡುಗಡೆ ಆಯ್ತಲ್ಲ, ವ್ಯವಸ್ಥೆ ಸರಿಯಾಗೇ ಇದೆ."

ಹಾಗಾದರೆ ರಾವಜಿ ಅನ್ನುವವನ ವಿಷಯ ಕೇಳಿ. ರಾಜಸ್ಥಾನದವನು. ಅವನ ಕೇಸಿನಲ್ಲಿ ಸುಪ್ರೀಂ ಕೋರ್ಟು, ಗಲ್ಲು ಕೊಡುವಾಗ ಅಪರಾಧ ಎಷ್ಟು ಕ್ರೂರ ಅನ್ನೋದನ್ನ ನೋಡಿದರೆ ಸಾಕು, ಅಪರಾಧಿಯ ಹಿನ್ನೆಲೆ ನೋಡಬೇಕಿಲ್ಲ ಅನ್ನುವ ಅರ್ಥದ ತೀರ್ಪು ಕೊಟ್ಟಿತ್ತು. ಬಚ್ಚನ್ ಸಿಂಗ್ ಪ್ರಕರಣದಲ್ಲಿ 1980ರಲ್ಲೇ ಸಂವಿಧಾನ ಪೀಠ ಹೇಳಿದ್ದಕ್ಕೆ ಇದು ನೇರ ವಿರುದ್ಧ. 1996ರಲ್ಲಿ ರಾವಜಿಯನ್ನು ನೇಣಿಗೆ ಹಾಕಿದರು. 2009ರಲ್ಲಿ ಸುಪ್ರೀಂ ಕೋರ್ಟೇ "ಆ ತೀರ್ಪು ಕಾನೂನು ಪ್ರಕಾರ ಸರಿಯಿಲ್ಲ" ಅಂದಿತು. ಹದಿಮೂರು ವರ್ಷ ಆದಮೇಲೆ! ಯಾರಿಗೆ ಹೇಳಿತು? ಗೋರಿಗಾ? 14 ನ್ಯಾಯಮೂರ್ತಿಗಳು ಪತ್ರ ಬರೆದದ್ದು ಇದೇ ತಪ್ಪು ತೀರ್ಪನ್ನು ಅನುಸರಿಸಿ ಕೊಟ್ಟ ಶಿಕ್ಷೆಗಳ ಬಗ್ಗೆ. ಆರು ಜನ ಉಳಿದದ್ದು ವ್ಯವಸ್ಥೆ ಸರಿ ಇದ್ದದ್ದಕ್ಕಲ್ಲ, ವ್ಯವಸ್ಥೆ ನಿಧಾನ ಇದ್ದದ್ದಕ್ಕೆ. ನಮ್ಮ ಘೋಷಣೆಯಂತೆ "ಆರು ತಿಂಗಳಲ್ಲಿ ಗಲ್ಲು" ಆಗಿದ್ದರೆ ಇವತ್ತು ಆರೂ ಜನ ಮಣ್ಣಾಗಿರುತ್ತಿದ್ದರು. ಕಡತದ ಆ ಹಾಳೆಯನ್ನು ಹುಡುಕುವವರೂ ಇರುತ್ತಿರಲಿಲ್ಲ.

ಇದು ಒಂದು ಕೇಸಿನ ಮಾತಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಜೈಲುಗಳಿಗೆ ಹೋಗಿ, ಗಲ್ಲಿಗೆ ಕಾದಿರುವ ಕೈದಿಗಳನ್ನು ಮಾತಾಡಿಸಿ 2016ರಲ್ಲಿ ವರದಿ ತಂದರು. ಶೇ. 76 ಜನ ದಲಿತ, ಆದಿವಾಸಿ, ಹಿಂದುಳಿದ ವರ್ಗ, ಧಾರ್ಮಿಕ ಅಲ್ಪಸಂಖ್ಯಾತರು. ಸುಮಾರು ಮುಕ್ಕಾಲು ಪಾಲು ಆರ್ಥಿಕವಾಗಿ ದುರ್ಬಲರು. ಕೆಳಕೋರ್ಟು ಕೊಟ್ಟ ಗಲ್ಲು ಶಿಕ್ಷೆಗಳಲ್ಲಿ ಮೇಲಿನ ಕೋರ್ಟಿನಲ್ಲಿ ಉಳಿದದ್ದು ನೂರಕ್ಕೆ ಐದೂ ಇಲ್ಲ. ಸುಮಾರು 30ರಷ್ಟು ಮಂದಿ ಖುಲಾಸೆಯೇ ಆದರು. ನೂರು ಜನಕ್ಕೆ ಗಲ್ಲು ಬರೆದು ಮೂವತ್ತು ಜನ ನಿರ್ದೋಷಿಗಳಾಗಿ ಹೊರಬರೋದನ್ನ ನ್ಯಾಯ ಅಂತ ಕರೀಬೇಕಾ?

"ಅದಕ್ಕೇ ಮೇಲ್ಜಾತಿಯವರಿಗೂ ಗಲ್ಲು ಆಗಲಿ ಅಂತ ನಾವು ಕೇಳ್ತಿರೋದು" ಅನ್ನುವ ಗೆಳೆಯರಿಗೆ ಮೂರು ಹೆಸರು ಹೇಳ್ತೀನಿ.

ಕಂಬಾಲಪಲ್ಲಿ. 2000ದ ಮಾರ್ಚ್ 11. ನಮ್ಮದೇ ರಾಜ್ಯ, ಆಗ ಕೋಲಾರ ಜಿಲ್ಲೆ. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ತಿರುಗಿಸಿದರು. 2006ರಲ್ಲಿ ಎಲ್ಲರೂ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಗಲ್ಲು ಇರಲಿ, ಒಂದು ದಿನದ ಶಿಕ್ಷೆಯೂ ಉಳಿಯಲಿಲ್ಲ.

ಲಕ್ಷ್ಮಣಪುರ ಬಾಥೆ. ಬಿಹಾರ, 1997ರ ಡಿಸೆಂಬರ್ 1. ಹೆಂಗಸರು ಮಕ್ಕಳು ಸೇರಿ 58 ದಲಿತರ ಕೊಲೆ. 2010ರಲ್ಲಿ ಕೆಳಕೋರ್ಟು 16 ಜನಕ್ಕೆ ಗಲ್ಲು ಕೊಟ್ಟಿತು. ನಾವು ಸಿಹಿ ಹಂಚಿದೆವು. 2013ರಲ್ಲಿ ಪಾಟ್ನಾ ಹೈಕೋರ್ಟು ಶಿಕ್ಷೆಯಾದ 26 ಜನರನ್ನೂ ಬಿಟ್ಟಿತು.

ಖೈರ್ಲಾಂಜಿ. ಆ ಆರು ಜನಕ್ಕೆ ಗಲ್ಲು ಬರೆದ ಅದೇ ಮಹಾರಾಷ್ಟ್ರ, 2006ರ ಸೆಪ್ಟೆಂಬರ್. 2008ರಲ್ಲಿ ಆರು ಜನ ಆರೋಪಿಗಳಿಗೆ ಗಲ್ಲು ಆಯ್ತು. ಆದರೆ ಕೋರ್ಟು ದೌರ್ಜನ್ಯ ತಡೆ ಕಾಯ್ದೆ ಅನ್ವಯ ಆಗಲ್ಲ ಅಂದಿತು! ಜಾತಿ ಕಾರಣದ ಕೊಲೆ ಅಂತ ಒಪ್ಪಲೇ ಇಲ್ಲ. 2010ರಲ್ಲಿ ಹೈಕೋರ್ಟು ಗಲ್ಲನ್ನು 25 ವರ್ಷಕ್ಕೆ ಇಳಿಸಿತು, ಜಾತಿಯನ್ನು ಆಗಲೂ ಒಪ್ಪಲಿಲ್ಲ. ನಮ್ಮ ಕೈಗೆ ಹಗ್ಗದ ಆಟಿಕೆ ಕೊಟ್ಟು, ನಮಗೆ ನಿಜವಾಗಿ ಬೇಕಿದ್ದ ಸತ್ಯವನ್ನು ಕಿತ್ತುಕೊಂಡರು. ಗಲ್ಲಿನ ಸುದ್ದಿಯ ಅಬ್ಬರದಲ್ಲಿ ಆ ಅನ್ಯಾಯವನ್ನು ನಾವು ಎಷ್ಟು ಜನ ಗಟ್ಟಿಯಾಗಿ ಪ್ರಶ್ನಿಸಿದೆವು?

ಇಲ್ಲೂ ಅಷ್ಟೇ ನೋಡಿ. ಬಾಥೆ, ಕಂಬಾಲಪಲ್ಲಿ ಸೋತದ್ದು ಗಲ್ಲು ಇಲ್ಲದ್ದಕ್ಕಲ್ಲ. ತನಿಖೆ ಕೆಟ್ಟದ್ದಕ್ಕೆ, ಸಾಕ್ಷಿಗಳಿಗೆ ರಕ್ಷಣೆ ಇಲ್ಲದ್ದಕ್ಕೆ. ಆ ಆರು ಅಲೆಮಾರಿಗಳು ಸಿಕ್ಕಿಬಿದ್ದದ್ದೂ ತನಿಖೆ ಕೆಟ್ಟದ್ದಕ್ಕೇ. ನಮ್ಮವರು ಸತ್ತರೆ ತನಿಖೆ ಕೆಡುತ್ತೆ, ಕೊಂದವರು ಹೊರಬರ್ತಾರೆ. ನಮ್ಮಂಥವರು ಆರೋಪಿ ಆದರೆ ತನಿಖೆ ಕೆಡುತ್ತೆ, ನಿರಪರಾಧಿಗಳು ಒಳಗೆ ಹೋಗ್ತಾರೆ. ಕಾಯಿಲೆ ಒಂದೇ. ಗಲ್ಲು ಅದಕ್ಕೆ ಔಷಧಿ ಅಲ್ಲ.

ಇನ್ನು ಎನ್‌ಕೌಂಟರ್ ಪ್ರಿಯರಿಗೆ ಒಂದು ಮಾತು. 2019ರ ಡಿಸೆಂಬರಿನಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ ಆರೋಪಿಗಳಾದ ನಾಲ್ಕು ಜನ ಬಡ ಹುಡುಗರನ್ನು ಪೊಲೀಸರು ಗುಂಡಿಟ್ಟು ಕೊಂದಾಗ ನಮ್ಮ ಗುಂಪುಗಳಲ್ಲೂ ಪಟಾಕಿ ಎಮೋಜಿ ಹಾರಿದವು. ಪೊಲೀಸ್ ಮುಖ್ಯಸ್ಥರು ಕನ್ನಡಿಗರು ಅಂತ ಹೆಮ್ಮೆಯ ಸ್ಟೇಟಸ್ಸುಗಳು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ, ಉದ್ದೇಶಪೂರ್ವಕವಾಗಿ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು 18 ತುಂಬದವರು ಅಂತ ವರದಿ ಕೊಟ್ಟಿತು. 2022ರಲ್ಲಿ ಆ ವರದಿ ಹೊರಬಂದಾಗ ಒಬ್ಬರೂ ಸ್ಟೇಟಸ್ ಹಾಕಲಿಲ್ಲ.

ಬಾಬಾಸಾಹೇಬರ ಫೋಟೋ ಇಟ್ಟು ಗಲ್ಲು ಕೇಳುವವರಿಗೆ ಇನ್ನೊಂದು ನೆನಪು. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಗಲ್ಲು ಶಿಕ್ಷೆಯಾದವರಿಗೆ ಸುಪ್ರೀಂ ಕೋರ್ಟಿಗೆ ಅಪೀಲು ಹೋಗುವ ಹಕ್ಕು ಇರಬೇಕಾ ಅನ್ನುವ ಚರ್ಚೆ ನಡೆಯುತ್ತಿತ್ತು. ಅದಕ್ಕಿಂತ ಗಲ್ಲು ಶಿಕ್ಷೆಯನ್ನೇ ರದ್ದು ಮಾಡುವುದು ಒಳ್ಳೆಯದು, ಅಹಿಂಸೆಯನ್ನು ಆದರ್ಶವಾಗಿ ನಂಬುವ ಈ ದೇಶಕ್ಕೆ ಅದೇ ಸರಿ ಅನ್ನುವ ಅಭಿಪ್ರಾಯವನ್ನು ಬಾಬಾಸಾಹೇಬರು ಸಭೆಯ ಮುಂದಿಟ್ಟರು. ನಮಗೆ ಆದ ಹಿಂಸೆ ಅವರಷ್ಟು ಯಾರಿಗೆ ಗೊತ್ತಿತ್ತು? ಆದರೂ ಹಗ್ಗ ಕೇಳಲಿಲ್ಲ.

ನಮ್ಮದೇ ಕಾಯ್ದೆ ತೆಗೆದು ಓದಿ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, ಕಲಂ 3(2)ರ ಮೊದಲ ಉಪಕಲಂ. ಸುಳ್ಳು ಸಾಕ್ಷ್ಯ ಕೊಟ್ಟು ನಿರಪರಾಧಿಯಾದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಗಲ್ಲು ಆಗುವಂತೆ ಮಾಡುವವರ ಬಗ್ಗೆ ಇದೆ. ಅಂದರೆ ಏನರ್ಥ? ಸುಳ್ಳು ಸಾಕ್ಷ್ಯದಿಂದ ನಮ್ಮವರನ್ನು ನೇಣಿಗೆ ಹಾಕಬಹುದು, ಅದು ದೌರ್ಜನ್ಯದ ಒಂದು ಬಗೆ ಅಂತ ಪಾರ್ಲಿಮೆಂಟಿಗೇ ಗೊತ್ತಿತ್ತು. ಕಾಯ್ದೆ ಬರೆದವರಿಗೆ ತಿಳಿದದ್ದು ನಮಗೆ ತಿಳಿಯಬಾರದಾ? ಮಹಾರಾಷ್ಟ್ರದಲ್ಲಿ ಅಲೆಮಾರಿ ಬುಡಕಟ್ಟುಗಳಿಗೆ ಬೇರೆಯೇ ಪಟ್ಟಿ ಇದೆ. ಪರಿಶಿಷ್ಟರ ಪಟ್ಟಿಯಲ್ಲಿ ಇಲ್ಲದವರಿಗೆ ಈ ಕಾಯ್ದೆಯ ಆಸರೆಯೂ ಸಿಗಲ್ಲ.

ಹಾಗಾದರೆ ಕೊಂದವರನ್ನು ಬಿಟ್ಟುಬಿಡೋದಾ? ಯಾರು ಹಾಗಂದರು? ಶಿಕ್ಷೆ ಆಗಲೇಬೇಕು, ಅಪೀಲಿನಲ್ಲಿ ಬಿದ್ದುಹೋಗದಂಥ ಶಿಕ್ಷೆ ಆಗಬೇಕು. ಅದಕ್ಕೆ ಮನವಿ ಪತ್ರದಲ್ಲಿ ಗಲ್ಲಿನ ಸಾಲು ತೆಗೆದು ಇವನ್ನು ಬರೆಯಿರಿ:

1. ತನಿಖೆಯನ್ನು ನಿಯಮದಂತೆ ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೇ ಮಾಡಬೇಕು, 60 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ದಿನ ಎಣಿಸೋದು ನಮ್ಮ ಕೆಲಸ.

2. ಕಾಯ್ದೆಯ ಕಲಂ 15ಎ ಪ್ರಕಾರ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಓಡಾಟದ ಖರ್ಚು ಕೊಡಬೇಕು. ಕಂಬಾಲಪಲ್ಲಿ ಇಲ್ಲೇ ಸೋತದ್ದು.

3. ಸಂತ್ರಸ್ತರು ಬಯಸಿದ ಹಿರಿಯ ವಕೀಲರನ್ನು ನೇಮಿಸಲು ಜಿಲ್ಲಾಧಿಕಾರಿಗಳಿಗೆ ನಿಯಮಗಳಲ್ಲೇ ಅಧಿಕಾರ ಇದೆ. ಲಿಖಿತವಾಗಿ ಕೇಳಿ.

4. ಕರ್ತವ್ಯ ಮರೆತ ಅಧಿಕಾರಿಯ ಮೇಲೆ ಕಲಂ 4ರಡಿ ಕ್ರಮ ಆಗಬೇಕು. ಸೇವೆಯಲ್ಲಿ ಇರುವಾಗಲೇ.

5. ತಪ್ಪಾಗಿ ಜೈಲಿಗೆ ಹೋದವರಿಗೆ ಪರಿಹಾರದ ಕಾನೂನು ಬೇಕು. ಕಾನೂನು ಆಯೋಗ 2018ರಲ್ಲೇ 277ನೇ ವರದಿಯಲ್ಲಿ ಇದನ್ನು ಹೇಳಿದೆ. 85 ರೂಪಾಯಿಯ ಲೆಕ್ಕ ಯಾರಿಗೂ ಬರಬಾರದು.

6. ಪೊಲೀಸರು ಅಲೆಮಾರಿ ಟೆಂಟಿನಿಂದ ಯಾರನ್ನಾದರೂ ಎತ್ತಿಕೊಂಡು ಹೋದರೆ ಅದೇ ದಿನ ಠಾಣೆಯ ಮುಂದೆ ನಾವಿರಬೇಕು. ಸತ್ತವರ ಪರ ನಿಂತಷ್ಟೇ ಗಟ್ಟಿಯಾಗಿ ಸಿಕ್ಕಿಬಿದ್ದವರ ಪರವೂ ನಿಲ್ಲಬೇಕು.

ಇದರಲ್ಲಿ ಘೋಷಣೆ ಕೂಗುವಂಥದ್ದು ಏನೂ ಇಲ್ಲ, ಗೊತ್ತು. ಟಿವಿಯವರು ಕ್ಯಾಮೆರಾ ತರಲ್ಲ. ದಿನಾಂಕ ಬರೆದುಕೊಳ್ಳೋದು, ಸ್ವೀಕೃತಿ ಪಡೆಯೋದು, ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಜಿಲ್ಲಾ ಜಾಗೃತಿ ಸಮಿತಿ ಸಭೆಯಲ್ಲಿ ಹೋಗಿ ಕೂತು ಕೇಳೋದು, ಇದೆಲ್ಲ ಬೇಸರದ ಕೆಲಸ. ಆದರೆ ಆ ಆರು ಜನರನ್ನು ಉಳಿಸಿದ್ದು ಇಂಥದೇ ಬೇಸರದ ಕೆಲಸ. ಯಾರೋ ಕೂತು ಹಳೆಯ ಕಡತದ ಪುಟ ಪುಟ ಓದಿದರು.

ಅವರಿಗೆ ಗಲ್ಲು ಆದ ದಿನವೂ ಎಲ್ಲೋ ಜನ ನ್ಯಾಯ ಸಿಕ್ಕಿತು ಅಂತ ಚಪ್ಪಾಳೆ ಹೊಡೆದಿರ್ತಾರೆ. ಆ ಚಪ್ಪಾಳೆಯಲ್ಲಿ ನಮ್ಮ ಕೈ ಸೇರೋದು ಬೇಡ.

ಒಪ್ಪದವರು ಕೆಳಗೆ ಬರೆಯಿರಿ, ಉತ್ತರ ಕೊಡ್ತೀನಿ. ಬೈಗುಳಕ್ಕೆ ಮಾತ್ರ ನನ್ನ ಹತ್ತಿರ ಟೈಮಿಲ್ಲ.

ಜೈ ಭೀಮ್.